ಬಾಟಲಿ ಹಸಿರು ಎಂದ ಚಶ್ಮಾ

2025ರ ನವೆಂಬರ್ ಮೂರನೆಯ ವಾರ, ಬುಧವಾರ ಬೆಳಿಗ್ಗೆ ಹನ್ನೊಂದೂವರೆಯ ಸುಮಾರಿಗೆ, ಹುಬ್ಬಳ್ಳಿ ದುರ್ಗದಬೈಲಿನಲ್ಲಿರುವ ನಮ್ಮ ಅಣ್ಣನ ಖಣದ ಅಂಗಡಿಯಲ್ಲಿ, ನನ್ನ ವೈನಿ ಕರಿ ಖಣವೊಂದನ್ನು ಹಸಿರೆಂದು ಕತ್ತರಿಸಿ ಗಿರಾಕಿಯ ಕೈಗೆ ಕೊಟ್ಟರು. ಖಣ ಅಂದರೆ ಕುಪ್ಪಸಕ್ಕೆಂದು ನೇಯ್ದ ಅಂಚಿನ ಬಟ್ಟೆ, ವೈನಿ ಅಂದರೆ ಅಣ್ಣನ ಹೆಂಡತಿ. ಮೂವತ್ತೆಂಟು ವರ್ಷದಿಂದ ಅದೇ ಗಾದಿಯ ಮೇಲೆ ಕೂತು ಖಣ ಮಾರಿದವರು. ಗಿರಾಕಿ ಹೆಬ್ಬಳ್ಳಿಯ ಹೆಣ್ಣುಮಗಳು. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಒಯ್ಯಬೇಕಾದ ಖಣ ಅದು. ಕತ್ತರಿಸುವ ಮುಂಚೆ ವೈನಿಗೆ ಬಣ್ಣ ಹೇಳಿದ್ದು ಅವರು ಹಾಕಿಕೊಂಡಿದ್ದ ಚಶ್ಮಾ. ಆ ಚಶ್ಮಾ ತಂದುಕೊಟ್ಟವನು ನಾನು. ಕತ್ತರಿ ಆಡಿದಾಗ ಎದುರಿನ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತವನೂ ನಾನೇ.

ಮೊದಲ ವಾಕ್ಯಕ್ಕೆ ಒಂದು ತಿದ್ದುಪಡಿ ಬೇಕು. ಅದು ಪೂರ್ತಿ ಕರಿ ಖಣವಲ್ಲ. ಹಾಸಿನ ನೂಲು ಕರಿ, ಹೊಕ್ಕಿನ ನೂಲು ಕಡುಹಸಿರು. ಅಂಗಡಿಯ ಬಿಳಿ ದೀಪದ ಕೆಳಗೆ ಹಸಿರಾಗಿ ಕಾಣುತ್ತದೆ. ಬಿಸಿಲಿಗೆ ಒಯ್ದರೆ ಕರ್ರಗೆ ನಿಲ್ಲುತ್ತದೆ. ಸಂಕ್ರಾಂತಿಗೆ ಕರಿ ಉಡುವವರಿಗಾಗಿ ಅಣ್ಣ ತರಿಸಿದ ಮಾಲು. ಕುಬಸಕ್ಕೆ ಅದು ನಡೆಯುವುದಿಲ್ಲ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ಖಣ ಒಯ್ದು ಉಡಿ ತುಂಬುತ್ತಾರೆ. ಆ ಉಡಿಯಲ್ಲಿ ಕರಿ ಹೋಗುವಂತಿಲ್ಲ. ಇದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾದ ಮಾತಲ್ಲ, ಖಣ ಮಾರುವವರಿಗಂತೂ ಅಲ್ಲವೇ ಅಲ್ಲ.

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಪಾಳಿ ಸಂಜೆ ನಾಲ್ಕರಿಂದ. ಮನೆ ಧಾರವಾಡದಲ್ಲಿ, ಲಕಮನಹಳ್ಳಿಯ ಕಡೆಗೆ. ಬೆಳಿಗ್ಗೆ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು, ಅಣ್ಣನ ಅಂಗಡಿಯಲ್ಲಿ ಪಾಳಿಯ ಹೊತ್ತಿನವರೆಗೆ ಕೂತು ಆಫೀಸಿಗೆ ಹೋಗುವುದು ಎಷ್ಟೋ ವರ್ಷದ ರೂಢಿ. ಅಣ್ಣ ವಾರದಲ್ಲಿ ಮೂರು ದಿನ ಗುಳೇದಗುಡ್ಡ, ಇಳಕಲ್ಲು ಎಂದು ಮಾಲಿಗಾಗಿ ತಿರುಗುತ್ತಾನೆ. ಆಗ ಅಂಗಡಿಯಲ್ಲಿ ಇರುವವರು ವೈನಿ ಮತ್ತು ಕಾಕಾ. ಕಾಕಾ ನಮ್ಮ ಬಂಧುವಲ್ಲ. ನಮ್ಮ ಅಪ್ಪನ ಕಾಲದಿಂದ ಅಲ್ಲಿ ಕಪಾಟಿನಿಂದ ಬಟ್ಟೆಯ ಥಾನು ಇಳಿಸುವ, ಮಡಚುವ ಕೆಲಸ ಮಾಡಿಕೊಂಡು ಬಂದವರು. ಅವರನ್ನು ಬಜಾರಿಗೆ ಬಜಾರೇ ಕಾಕಾ ಅನ್ನುತ್ತದೆ.

ಕಣ್ಣಿನ ವಿಷಯ ನನಗೆ ಗೊತ್ತಾದದ್ದು 2024ರ ನಾಗರಪಂಚಮಿಯ ಮರುದಿನ. ವೈನಿ ಆಸ್ಪತ್ರೆಯ ಕಾಗದವೊಂದನ್ನು ನನ್ನ ಕೈಗೆ ಕೊಟ್ಟು, “ಇಂಗ್ಲೀಷಿನ್ಯಾಗ ಐತಿ. ಓದಿ ಹೇಳು. ನಿಮ್ಮಣ್ಣಗ ಹೇಳಬ್ಯಾಡ,” ಅಂದರು. ಓದಿದೆ. ಎರಡೂ ಕಣ್ಣಿನ ಪರದೆಯ ನಡುಭಾಗ ಸವೆಯುತ್ತಿದೆ. ಬಲಗಣ್ಣಿನದು ಬಹಳ ಮುಂದುವರಿದಿದೆ. ಇಂಜೆಕ್ಷನ್ನಿನಿಂದ ವೇಗ ಕಡಿಮೆ ಮಾಡಬಹುದು, ಹೋದದ್ದು ತಿರುಗಿ ಬರುವುದಿಲ್ಲ. ಹೀಗಿತ್ತು ಅದರ ಸಾರಾಂಶ. ಸಾರಾಂಶ ಹೇಳಿದೆ.

“ಅದು ನನಗ ಗೊತ್ತೈತಿ,” ಅಂದರು ವೈನಿ. “ಈಗ ನಿನ್ನ ಕಿವಿ ಕಾಣ್ತಾವ, ಮಾರಿ ಕಾಣವಲ್ದು. ಹೋಗ್ಲಿ ಬಿಡು, ನಿನ್ನ ಮಾರಿ ಏನ್ ಅಂಥಾ ನೋಡೂವಂಥಾದ್ದಲ್ಲ.”

“ವೈನಿ, ಅಣ್ಣಗ ಹೇಳಬೇಕ್ರಿ.”

“ಹೇಳಿದ್ರ ನಾಳಿಂದ ಮನ್ಯಾಗ ಕುಂದ್ರು ಅಂತಾರ. ಮನ್ಯಾಗ ಕುಂತು ಏನ್ ಮಾಡ್ಲಿ? ಗ್ವಾಡಿ ಯಾವ ಬಣ್ಣದ್ದು ಅಂತ ಕೇಳ್ಕೋತ ಕುಂದರ್ಲೇನು?”

ನಾನು ಹೇಳಲಿಲ್ಲ. ಒಂದು ವಾರ ಕಾದು ನೋಡೋಣ ಅಂದುಕೊಂಡೆ. ವಾರ ಕಳೆದು ತಿಂಗಳಾಯಿತು, ತಿಂಗಳು ಕಳೆದು ಎಂಟು ತಿಂಗಳಾಯಿತು. ಆ ಎಂಟು ತಿಂಗಳೂ ನಾನು ಅಂಗಡಿಯಲ್ಲಿ ನೆಟ್ಟಗೆ ಕೂತ ನೆನಪಿಲ್ಲ. ಬೆಂಚಿನ ತುದಿಗೆ ಕೂರುವುದು, ಏಳುವುದು, ರಸ್ತೆಗೆ ಇಳಿದು ಭಜಿ ಗಾಡಿಯವರೆಗೆ ಹೋಗುವುದು, ಏನೂ ತಗೊಳ್ಳದೆ ತಿರುಗಿ ಬರುವುದು. ಡೆಸ್ಕಿನಲ್ಲಿ ಕೂತಾಗಲೂ ಫೋನು ಅಂಗಾತ ಇಟ್ಟುಕೊಂಡಿರುತ್ತಿದ್ದೆ. ವೈನಿ ಮಾತ್ರ ತಮ್ಮ ಕೆಲಸ ಮಾಡುತ್ತಿದ್ದರು. ಕೈಯಿಂದ ನೇಯ್ಗೆ ಹಿಡಿಯುತ್ತಿದ್ದರು. ಬೆರಳಿಂದ ಒಂದು ಸಲ ಸವರಿ ಇದು ರೇಷ್ಮೆ ಹಾಸು, ಇದು ಬರೀ ಹತ್ತಿ ಎಂದು ಹೇಳುವುದರಲ್ಲಿ ತಪ್ಪಿದ್ದಿಲ್ಲ. ತಪ್ಪುತ್ತಿದ್ದದ್ದು ಬಣ್ಣ. ಅಂಜೂರಿಗೆ ನೇರಳೆ ಅನ್ನುತ್ತಿದ್ದರು. ಗಿರಾಕಿ ತಿದ್ದಿದರೆ “ಹೌದಲ್ಲ, ನನ್ನ ಬಾಯಿ ಜಾರಿತು ತಂಗಿ,” ಎಂದು ನಗುತ್ತಿದ್ದರು. ಬಾಯಿ ಎಷ್ಟು ಸಲ ಜಾರಬಹುದು ಎಂದು ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ.

2025ರ ಏಪ್ರಿಲ್‌ನಲ್ಲಿ ಚಶ್ಮಾ ತರಿಸಿದೆ. ನೋಡಲಿಕ್ಕೆ ಮಾಮೂಲಿ ಕಪ್ಪು ಕಟ್ಟಿನದು, ಕಡ್ಡಿ ಸ್ವಲ್ಪ ದಪ್ಪ. ಕಟ್ಟಿನ ಮೂಲೆಯಲ್ಲಿ ಸಾಸಿವೆಯಷ್ಟು ಕ್ಯಾಮೆರಾ, ಕಿವಿಯ ಹತ್ತಿರ ಪುಟ್ಟ ಸ್ಪೀಕರು. ಫೋನಿಗೆ ಜೋಡಿಸಿದರೆ ಎದುರಿಗಿರುವುದನ್ನು ನೋಡಿ, ಕೃತಕ ಬುದ್ಧಿಮತ್ತೆಯಿಂದ ಅದು ಏನೆಂದು ಗುರುತಿಸಿ, ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತದೆ. ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಮೊದಲ ದಿನ ವೈನಿ ಹಾಕಿಕೊಂಡು ನನ್ನ ಕಡೆ ತಿರುಗಿದರು. ಅದು ಏನಂದಿತೆಂದು ಅವರೇ ಅಣಕಿಸಿ ಹೇಳಿದರು: “ನಿಮ್ಮ ಮುಂದೆ ಒಬ್ಬ ಹಿರಿಯ ವ್ಯಕ್ತಿ ಚಿಂತಿತರಾಗಿ ಕುಳಿತಿದ್ದಾರೆ.”

“ಖರೇ ಹೇಳೈತಿ ನೋಡ್ರಿ,” ಅಂದೆ.

“ಯಾವೂರಾಕಿ ಇಕಿ? ವಾರ್ತಾ ಓದಾಕಿ ಹಂಗ ಮಾತಾಡ್ತಾಳ. ‘ಇದೆ’ ಅಂತಾಳ, ‘ಇದ್ದಾರೆ’ ಅಂತಾಳ. ‘ಐತಿ’ ಅನ್ನಾಕ ಬಾಯಿ ನೋಯ್ತಾವೇನು ಅಕಿಗೆ? ಬೆಂಗಳೂರ ಬೀಗತಿ ಬಂದು ಕಿವಿಯಾಗ ಕುಂತಂಗಾತು.”

ಅಂದಿನಿಂದ ನಮ್ಮಿಬ್ಬರ ನಡುವೆ ಅದರ ಹೆಸರು ಬೀಗತಿ. ಅಣ್ಣನಿಗೆ “ಓದಾಕ ಹೊಸ ಚಶ್ಮಾ, ಪೇಪರಿನವ ತಂದುಕೊಟ್ಟಾನ, ಫೋನೂ ಬರ್ತಾವಂತ ಇದರಾಗ,” ಎಂದು ವೈನಿ ಹೇಳಿದ್ದರು. ಅದರಲ್ಲಿ ಸುಳ್ಳು ಇರಲಿಲ್ಲ. ಪೂರ್ತಿ ಸತ್ಯವೂ ಇರಲಿಲ್ಲ.

ಬೀಗತಿಗೆ ಕೆಂಪು, ಹಸಿರು, ನೀಲಿ ಗೊತ್ತಿತ್ತು. ಖಣದ ಬಣ್ಣ ಗೊತ್ತಿರಲಿಲ್ಲ. ನಮ್ಮ ಅಂಗಡಿಗೆ ಬಂದು ‘ಕೆಂಪು ಖಣ’ ಎಂದು ಕೇಳುವವರು ಯಾರೂ ಇಲ್ಲ. ದಾಳಿಂಬರ ಕೇಳುತ್ತಾರೆ, ಗುಂಜಿ ಕೇಳುತ್ತಾರೆ, ಕುಂಕುಮ ಕೇಳುತ್ತಾರೆ. ಹಸಿರೆಂದರೆ ಗಿಣಿ ಹಸಿರು, ನವಿಲು ಹಸಿರು, ಮಾವಿನಚಿಗುರು, ಬಾಟಲಿ ಹಸಿರು. ವೈನಿಯ ಲೆಕ್ಕದಲ್ಲಿ ಅಂಗಡಿಯ ಬಣ್ಣಗಳು ನಲವತ್ಮೂರು. ಚಶ್ಮಾದ ಆ್ಯಪಿನಲ್ಲಿ ಒಂದು ಅನುಕೂಲ ಇತ್ತು: ವಸ್ತುವಿನ ಫೋಟೋ ತೆಗೆದು ನಾವೇ ಹೆಸರು ಕೊಟ್ಟರೆ ಮುಂದೆ ಅದೇ ಹೆಸರು ಹೇಳುತ್ತದೆ. ಮೇ ತಿಂಗಳ ರವಿವಾರಗಳಲ್ಲಿ ವೈನಿ ನಮ್ಮ ಮನೆಗೆ ಬರತೊಡಗಿದರು. ಶಾಂಡಗಿ, ಅಂದರೆ ಸಂಡಿಗೆ, ಹಾಕುವ ನೆಪ. ನನ್ನ ಹೆಂಡತಿ ನಿಜವಾಗಿಯೂ ಶಾಂಡಗಿ ಹಾಕುತ್ತಿದ್ದಳು. ಮಾಳಿಗೆಯ ಒಂದು ಬದಿಗೆ ಶಾಂಡಗಿ, ಇನ್ನೊಂದು ಬದಿಗೆ ಚೀಲದಲ್ಲಿ ತಂದ ಖಣದ ತುಂಡುಗಳು. ಹೊರಗಿನ ಬೆಳಕಿನಲ್ಲಿ ಸಾವಕಾಶ ನೋಡಿದರೆ ಅವರಿಗೆ ಬಣ್ಣ ಇನ್ನೂ ಸಿಗುತ್ತಿತ್ತು; ಒಂದೊಂದನ್ನೇ ಎತ್ತಿ, ತಲೆ ವಾರೆ ಮಾಡಿ ಕಣ್ಣಂಚಿನಿಂದ ನೋಡಿ ಹೆಸರು ಹೇಳುತ್ತಿದ್ದರು. ನಾನು ಫೋಟೋ ತೆಗೆದು ಬರೆಯುತ್ತಿದ್ದೆ. ಎದುರಿನ ಕಾರ್ಖಾನೆಯ ತಗಡಿನ ಮೇಲೆ ಬಿಸಿಲು ಬಿದ್ದು ಮಾಳಿಗೆಯೆಲ್ಲ ಬೆಳ್ಳಗಾಗಿರುತ್ತಿತ್ತು. ಫೋಟೋ ಬಹಳ ಚೆನ್ನಾಗಿ ಬಂದವು. ನಾಲ್ಕು ರವಿವಾರದಲ್ಲಿ ನಲವತ್ಮೂರೂ ಮುಗಿದವು.

ಜೂನ್‌ನಿಂದ ಅಂಗಡಿಯಲ್ಲಿ ಪರೀಕ್ಷೆ. ನಾನು ಟಿಪ್ಪಣಿ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದೆ. ಗಿರಾಕಿ ಹೋದ ಮೇಲೆ ಬೀಗತಿ ಏನು ಹೇಳಿದಳೆಂದು ವೈನಿ ಹೇಳಬೇಕು, ಥಾನಿನ ಮೇಲಿನ ಚೀಟಿ ನೋಡಿ ನಾನು ಸರಿ ತಪ್ಪು ಬರೆಯಬೇಕು. ಮೊದಲ ವಾರ ತಪ್ಪು ಹೆಚ್ಚಿದ್ದವು, ಆಮೇಲೆ ಇಳಿದವು. ಜುಲೈ ಹೊತ್ತಿಗೆ ದಿನಕ್ಕೊಂದು ತಪ್ಪು ಸಿಕ್ಕರೆ ಹೆಚ್ಚು. ನಂತರ ಬರೆಯುವುದನ್ನು ಬಿಟ್ಟೆ.

ತೊಂದರೆ ಬೇರೆ ಕಡೆ ಇತ್ತು. ಅಂಗಡಿಯ ಒಳಗೆ ನೆಟ್ವರ್ಕ್ ಕಡಿಮೆ. ಕೇಳಿದ ಮೇಲೆ ಉತ್ತರ ಬರಲು ಮೂರು ನಾಲ್ಕು ಸೆಕೆಂಡು ಬೇಕು. ಆ ಹೊತ್ತನ್ನು ತುಂಬಲು ವೈನಿ ಒಂದು ದಾರಿ ಕಂಡುಕೊಂಡರು. ಖಣವನ್ನು ತೊಡೆಯ ಮೇಲೆ ಹರಡಿ, ಸವರುತ್ತ, ಗಿರಾಕಿಗೆ ಏನಾದರೂ ಕೇಳುವುದು. ಎಷ್ಟನೇ ಮಗಳು? ಬೀಗರು ಯಾವ ಊರವರು? ಉತ್ತರ ಕಿವಿಗೆ ಬಿದ್ದ ಕೂಡಲೇ, “ಈ ದಾಳಿಂಬರ ನಿನ್ನ ಮಗಳಿಗೆ ಒಪ್ಪತೈತಿ ನೋಡು ತಂಗಿ.” ಖಣದಂಗಡಿಯ ಅಕ್ಕಾರು ಇತ್ತೀಚೆಗೆ ಬಹಳ ಮಾತಾಡತೊಡಗಿದ್ದಾರೆ ಎಂದು ಬಜಾರಿನಲ್ಲಿ ಹೆಸರಾಯಿತು. ಕಾಲೇಜಿನ ಹುಡುಗಿಯೊಬ್ಬಳು ಕಟ್ಟಿನ ಮೇಲೆ ಮಿನುಗುವ ಚುಕ್ಕೆ ನೋಡಿ ಕೇಳಿಯೇ ಬಿಟ್ಟಳು: “ಆಂಟಿ, ಇದು ಫೋಟೋ ತಗೀತೈತೇನ್ರಿ?”

“ತಗದು ಏನ್ ಮಾಡ್ಲೆವಾ? ನಿನಗ ವರಾ ನೋಡ್ಲೇನು?” ಅಂದರು ವೈನಿ.

ಹುಡುಗಿ ನಕ್ಕಳು. ನಾನು ನಗಲಿಲ್ಲ. ಆ ದಿನ ಆಫೀಸಿಗೆ ಹೋಗುವಾಗ ಎರಡು ಸಲ ರಸ್ತೆ ತಪ್ಪಿ ನಿಂತೆ.

ಇಲ್ಲಿ ಅಂಗಡಿಯ ಒಂದು ಪದ್ಧತಿ ಹೇಳಬೇಕು. ನಮ್ಮ ಅಜ್ಜನ ಕಾಲದಿಂದ, ಕತ್ತರಿ ಆಡಿಸುವ ಮುಂಚೆ ಖಣವನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದು ಗಿರಾಕಿಗೆ ತೋರಿಸಬೇಕು. ದೀಪದ ಕೆಳಗೆ ಕತ್ತರಿಸಬಾರದು. ಕತ್ತರಿ ಬಿದ್ದ ಖಣ ತಿರುಗಿ ತಗೊಳ್ಳುವುದಿಲ್ಲವಾದ್ದರಿಂದ ಇದು ಎರಡೂ ಕಡೆಯವರಿಗೆ ರಕ್ಷಣೆ. ಹಾಸು ಒಂದು, ಹೊಕ್ಕು ಒಂದು ಇರುವ ಖಣ ಬೆಳಕು ಬದಲಾದಂತೆ ಬಣ್ಣ ಬದಲಿಸುತ್ತದೆ ಎಂದು ಅಜ್ಜನಿಗೆ ಗೊತ್ತಿತ್ತು. ಆದರೆ ಗಾದಿಯಿಂದ ಬಾಗಿಲಿಗೆ ಎರಡು ಮೆಟ್ಟಿಲು ಇಳಿಯಬೇಕು. ವೈನಿಗೆ ಮೆಟ್ಟಿಲಿನ ಅಂಚು ಕಾಣುತ್ತಿರಲಿಲ್ಲ. ಒಳಗಿನಿಂದ ಒಮ್ಮೆಲೇ ಬಾಗಿಲಿನ ಝಳಕ್ಕೆ ಬಂದರೆ ಕಣ್ಣು ಸ್ವಲ್ಪ ಹೊತ್ತು ಮುಚ್ಚಿಬಿಡುತ್ತಿದ್ದವು. ಅಲ್ಲಿ ನಿಂತರೆ ಎದುರಿನ ಅಂಗಡಿಯವರಿಗೂ ಗೊತ್ತಾಗುತ್ತದೆ. ಚಶ್ಮಾ ಬಂದ ಮೇಲೆ ಅವರು ಬಾಗಿಲಿಗೆ ಹೋಗುವುದನ್ನು ಸಾವಕಾಶ ಬಿಟ್ಟರು. ಕಾಕಾ ರೂಢಿಯಂತೆ ಕೈ ಚಾಚಿದರೆ, “ಬ್ಯಾಡ ಕಾಕಾ, ಗಿರಾಕಿ ಲಗೂ ಹೋಗಬೇಕಂತ,” ಅನ್ನುತ್ತಿದ್ದರು. ಕಾಕಾ ನನ್ನ ಮುಖ ನೋಡುತ್ತಿದ್ದರು. ನಾನು ಟಿಪ್ಪಣಿ ಪುಸ್ತಕ ನೋಡುತ್ತಿದ್ದೆ.

ಮಾಳಿಗೆಯ ಬಿಸಿಲಿನಲ್ಲಿ ಕಲಿಸಿದ್ದನ್ನು ಅಂಗಡಿಯ ದೀಪದ ಕೆಳಗೆ ಕೇಳುತ್ತಿದ್ದೇವೆ ಎಂಬುದು ನನಗೆ ಹೊಳೆಯಲಿಲ್ಲ. ನಾನು ಪರೀಕ್ಷಿಸಿದ್ದು ದಿನಾ ಮಾರಾಟವಾಗುವ ತಿಳಿ ಬಣ್ಣಗಳನ್ನು. ಕಡು ಬಣ್ಣಗಳು ಮೇಲಿನ ಕಪಾಟಿನಲ್ಲಿದ್ದವು, ಅವನ್ನು ಕೇಳುವವರೇ ಕಡಿಮೆ. ಡೆಸ್ಕಿನಲ್ಲಿ ಹೊಸಬರಿಗೆ ನಾನೇ ಹೇಳಿಕೊಡುವ ಪಾಠ ಒಂದಿದೆ: ಸುದ್ದಿಗೆ ಎರಡು ಮೂಲ ಬೇಕು, ಒಂದೇ ಮೂಲವನ್ನು ಎರಡು ಸಲ ಕೇಳಿದರೆ ಅದು ಎರಡು ಆಗುವುದಿಲ್ಲ. ಆರು ತಿಂಗಳು ನಾನು ಅಂಗಡಿಯಲ್ಲಿ ಒಂದೇ ಮೂಲವನ್ನು ಕೇಳುತ್ತ ಕೂತಿದ್ದೆ.

ಆ ಬುಧವಾರ ಅಣ್ಣ ಊರಲ್ಲಿರಲಿಲ್ಲ. ಹಿಂದಿನ ದಿನ ಸಂಕ್ರಾಂತಿಯ ಮಾಲು ಬಂದಿತ್ತು. ಚೀಟಿ ಇನ್ನೂ ಹಚ್ಚಿರಲಿಲ್ಲ. ಅಣ್ಣ ಅವಸರದಲ್ಲಿ ಅದನ್ನು ಬಾಟಲಿ ಹಸಿರಿನ ಥಾನಿನ ಪಕ್ಕಕ್ಕೇ ಇಟ್ಟು ಹೋಗಿದ್ದ. ಹೆಬ್ಬಳ್ಳಿಯ ಹೆಣ್ಣುಮಗಳು ಬಂದವಳೇ ಬಳೆಗಾರರ ಹತ್ತಿರ ಇನ್ನೂ ಹೋಗಬೇಕು, ಹನ್ನೆರಡರ ಬಸ್ಸು ಹಿಡಿಯಬೇಕು ಎಂದು ನಿಂತೇ ಮಾತಾಡಿದಳು.

“ಹಸರ ಖಣ ಕೊಡ್ರಿ ಅಕ್ಕಾರ. ಭಾಳ ತಿಳೀದು ಬ್ಯಾಡ. ನನ್ನ ಮಗಳು ಕೆಂಪಗದಾಳ, ಗಟ್ಟಿ ಬಣ್ಣ ಒಪ್ಪತೈತಿ.”

ವೈನಿ ಕಾಕಾಗೆ ಬಾಟಲಿ ಹಸಿರು ಇಳಿಸಲು ಹೇಳಿದರು. ಕಾಕಾ ಪಕ್ಕಪಕ್ಕದಲ್ಲಿದ್ದ ಎರಡೂ ಥಾನು ಇಳಿಸಿದರು. ವೈನಿ ಮೇಲಿನದನ್ನು ತೊಡೆಯ ಮೇಲೆ ಹರಡಿ ಸವರಿದರು. “ಕುಬಸ ಎಂದೈತಿ?” ಎಂದು ಕೇಳಿದರು. “ಶುಕ್ರವಾರ್ರೀ,” ಅಂದಳು ಅವಳು. ಮೂರು ಸೆಕೆಂಡು ಕಳೆಯಿತು. “ಬಾಟಲಿ ಹಸರು. ಇದಕ್ಕ ಹಳದಿ ಅಂಚು ನೋಡು, ಎಷ್ಟ ಛಲೋ ಕೂತೈತಿ,” ಅಂದರು ವೈನಿ. ಕಾಕಾ ಕೈ ಚಾಚಿದರು.

“ಅವಸರ ಐತಿ ಕಾಕಾ ಅಕಿಗೆ.”

ಕಾಕಾ ಕೈ ಹಿಂದೆ ತಗೊಳ್ಳಲಿಲ್ಲ. “ಕಡು ಬಣ್ಣ ಐತ್ರೀ ಅಕ್ಕಾರ. ಒಂದ್ ಸಲ ಬಾಗಲದಾಗ...”

“ನೀನೂ ನೋಡಿದೆಲ್ಲೋ ಪೇಪರಿನವನ, ಹಸರ ಹೌದಲ್ಲೋ?” ವೈನಿ ನನ್ನನ್ನು ಕೇಳಿದರು.

ನಾನು ಬೆಂಚಿನಿಂದಲೇ ನೋಡಿದೆ. ದೀಪದ ಕೆಳಗೆ ಅದು ಹಸಿರಾಗಿಯೇ ಇತ್ತು. “ಹೌದ್ರಿ,” ಅಂದೆ.

ಕತ್ತರಿ ಆಡಿತು.

ಗುರುವಾರ ಮಧ್ಯಾಹ್ನ ಅವಳು ತಿರುಗಿ ಬಂದಳು. ಅಣ್ಣ ಆಗಷ್ಟೇ ಊರಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದ. ಅವಳು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕೈಚೀಲದಿಂದ ಖಣ ಹೊರಗೆ ತೆಗೆದಳು.

“ಅಕ್ಕಾರ, ಏನ್ ಕೊಟ್ಟೀರಿ ನನಗ?”

“ಯಾಕ ತಂಗಿ, ಹಸರ ಖಣ.”

“ಹಸರ? ಬರ್ರಿಲ್ಲೆ ಹೊರಗ. ಬಿಸಲಾಗ ನಿಂತು ಹೇಳ್ರಿ ಹಸರ ಅಂತ. ನಮ್ಮತ್ತಿ ನೋಡಿದಾಕಿನೇ, ಏನವಾ, ಮಗಳ ಕುಬಸಕ್ಕ ಒಂಟೀಯೋ, ಮತ್ತ್ಯಾರದರ ಮಣ್ಣಿಗೆ ಒಂಟೀಯೋ ಅಂದ್ಳು. ನಾಲ್ಕ ಮಂದಿ ಮುಂದ. ನಿಮ್ಮ ಕೈಯಾಗಿಂದು ಅಂತ ಹೇಳಿ ನಾ ಬಿಚ್ಚಿ ಸುದ್ದಾ ನೋಡಿದ್ದಿಲ್ರಿ.”

ಅಣ್ಣ ಬಂದು ಖಣ ತಗೊಂಡು ಬಿಸಿಲಿಗೆ ಹಿಡಿದ. ಒಂದು ಸಲ ಹೊರಳಿಸಿದ. “ಇದು ಸಂಕ್ರಾಂತಿ ಮಾಲು,” ಅಂದ. ಆಮೇಲೆ ಒಳಗೆ ತಿರುಗಿ ಕೇಳಿದ: “ಯಾರು ಕತ್ತರಿಸಿದ್ರು ಇದನ್ನ?”

“ನಾ ರೀ,” ಅಂದರು ಕಾಕಾ.

ಕಾಕಾ ತಮ್ಮ ಜೀವಮಾನದಲ್ಲಿ ಆ ಅಂಗಡಿಯ ಕತ್ತರಿ ಮುಟ್ಟಿದವರಲ್ಲ. ಅದು ಗಾದಿಯ ಮೇಲೆ ಕೂತವರ ಕೆಲಸ. ಅಣ್ಣನಿಗೂ ಅದು ಗೊತ್ತಿತ್ತು. ಅವನು ಕಾಕಾನ ಮುಖ ನೋಡುತ್ತ ನಿಂತ. ಏನೋ ಹೇಳಬೇಕೆಂದು ನಾನು ಬೆಂಚಿನಿಂದ ಎದ್ದೆ. ಅಷ್ಟರಲ್ಲಿ ವೈನಿ ಮಾತಾಡಿದರು.

“ಈ ವಯಸ್ಸಿನ್ಯಾಗ ಸುಳ್ಳ ಹೇಳೂದು ಕಲೀಬ್ಯಾಡ ಕಾಕಾ. ನಾನೇ ಕತ್ತರಿಸೇನಿ. ನನಗ ಬಣ್ಣ ಕಾಣವಲ್ವು. ವರ್ಷದ ಮ್ಯಾಲಾತು.”

ರಸ್ತೆಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಮಾರುವವನ ಸ್ಪೀಕರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಮೊದಲು ಬಾಯಿ ಬಿಟ್ಟವಳು ಹೆಬ್ಬಳ್ಳಿಯವಳೇ.

“ಅಯ್ಯ, ಹೇಳಬಾರದೇನ್ರಿ ಅಕ್ಕಾರ? ನಾನೇ ನೋಡ್ಕೋತಿದ್ದೆ. ನನಗೇನ್ ಕಣ್ಣಿಲ್ಲೇನು?” ಅಂದವಳು ನಾಲಿಗೆ ಕಚ್ಚಿಕೊಂಡಳು.

“ಅದಾವಲ್ಲ, ಮತ್ಯಾಕ ನೋಡ್ಲಿಲ್ಲ ನೀ?” ಅಂದರು ವೈನಿ. “ಕಾಕಾ, ಬಾಟಲಿ ಹಸರು ಬಾಗಲಕ್ಕ ಒಯ್ಯಿ. ಅಕಿನೇ ನೋಡ್ಲಿ.”

ಅವಳು ಬಿಸಿಲಿನಲ್ಲಿ ನೋಡಿ, ಎರಡು ಸಲ ಹೊರಳಿಸಿ ಒಪ್ಪಿದ ಮೇಲೆ ಅಣ್ಣ ಕತ್ತರಿಸಿದ. ಕರಿದನ್ನು ತಿರುಗಿ ತಗೊಂಡ. ನನ್ನ ತಿಳಿವಳಿಕೆಯಲ್ಲಿ ಕತ್ತರಿ ಬಿದ್ದ ಖಣ ನಮ್ಮ ಅಂಗಡಿಗೆ ತಿರುಗಿ ಬಂದದ್ದು ಅದೊಂದೇ.

ಗಿರಾಕಿ ಹೋದ ಮೇಲೆ ಅಣ್ಣ ವೈನಿಯ ಮುಖದಿಂದ ಚಶ್ಮಾ ತೆಗೆದು ತಾನು ಹಾಕಿಕೊಂಡ. ಆ ಕಡೆ ಈ ಕಡೆ ನೋಡಿದ. ಕಿವಿಯಲ್ಲಿ ಅದು ಏನೇನೋ ಹೇಳುತ್ತಿದ್ದಿರಬೇಕು. ತೆಗೆದು ಗಾದಿಯ ಮೇಲಿಟ್ಟ.

“ನೀನೂ ಇದರಾಗ ಇದ್ದೀ,” ಅಂದ ನನಗೆ.

“ಇದ್ದೆ,” ಅಂದೆ.

“ಪೇಪರಿನ್ಯಾಗ ಊರ ಮಂದಿ ಸುದ್ದಿ ಹಾಕ್ತೀರಿ. ಮನಿ ಸುದ್ದಿ ಅಣ್ಣಗ ಹೇಳಾಕ ಬರೂದಿಲ್ಲ.”

ಆ ಸಂಜೆ ಡೆಸ್ಕಿನಲ್ಲಿ ಒಂದೇ ಶೀರ್ಷಿಕೆಯನ್ನು ಆರು ಸಲ ಬರೆದು ಅಳಿಸಿದೆ.

ರವಿವಾರ ಅಣ್ಣ ನನ್ನನ್ನು ಮನೆಗೆ ಕರೆಸಿದ. ಊಟ ಆದ ಮೇಲೆ ವೈನಿಯ ಎದುರೇ ಹೇಳಿದ.

“ಮನ್ಯಾಗ ಕುಂದ್ರು ಅಂತ ನಾ ಅನ್ನೂದಿಲ್ಲ. ಆದರ ಗಿರಾಕಿಗೆ ಮೋಸ ಆಗಬಾರದು. ನಲವತ್ಮೂರು ಬಣ್ಣ ಅದಾವಲ್ಲ, ಒಂದೊಂದು ತಗೋ. ಬಾಗಲ ಬೆಳಕಿನ್ಯಾಗ ನಿನ್ನ ಕಣ್ಣಿಲೆ ನೋಡಿ ನೀ ಹೆಸರು ಹೇಳು. ಒಳಗ ದೀಪದ ಬೆಳಕಿನ್ಯಾಗ ಇದು ಹೇಳ್ಲಿ. ಎರಡೂ ಒಂದೇ ಆದ್ರ ಅದು ಪಾಸು. ಯುಗಾದಿಗೆ ಎಲ್ಲಾ ಪಾಸಾದ್ವು ಅಂದ್ರ ಗಾದಿ ನಿಂದು, ನಾ ತುಟಿ ಬಿಚ್ಚೂದಿಲ್ಲ.”

“ಆಗಲಿಲ್ಲಂದ್ರ?” ವೈನಿ ಕೇಳಿದರು.

“ಆಗಲಿಲ್ಲಂದ್ರ ನಾ ಕುಂದರತೇನಿ. ನೀ ಮನ್ಯಾಗ.”

“ಬೀಗತಿ ತಪ್ಪಿದ್ರೂ ನಾನೇ ಮನಿಗೆ ಹೋಗಬೇಕೇನು?”

“ಯಾವ ಬೀಗತಿ?” ಅಂದ ಅಣ್ಣ. ಹೇಳಬೇಕಾಯಿತು. ಅವನು ನಗಲಿಲ್ಲ.

ಡಿಸೆಂಬರ್ ಪೂರ್ತಿ ನಾನು ಚಶ್ಮಾಕ್ಕೆ ಹೊಸದಾಗಿ ಕಲಿಸಿದೆ. ಪ್ರತಿ ಬಣ್ಣಕ್ಕೂ ಮೂರು ಫೋಟೋ: ಅಂಗಡಿಯ ದೀಪದ ಕೆಳಗೆ, ಬಾಗಿಲಲ್ಲಿ, ಸಂಜೆ ನಾಲ್ಕಕ್ಕಿಂತ ಮುಂಚಿನ ಓರೆ ಬೆಳಕಿನಲ್ಲಿ. ಪಾಳಿಗೆ ತಡವಾಗುತ್ತದೆಂದು ಫೋಟೋ ತೆಗೆಯುತ್ತಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಥಾನಿನ ಹೆಸರು ಹೇಳಲು ಕಾಕಾ, ನಂಬರು ಹೇಳಲು ಅಣ್ಣ. ವೈನಿಯನ್ನು ಇದರಿಂದ ದೂರ ಇಟ್ಟಿದ್ದೆವು. ಪರೀಕ್ಷೆ ಬರೆಯುವವರಿಗೆ ಪ್ರಶ್ನೆಪತ್ರಿಕೆ ತೋರಿಸುವಂತಿರಲಿಲ್ಲ. ಅವರು ಗಾದಿಯ ಒಂದು ಬದಿಗೆ ಕೂತು ಬಂದವರಿಗೆಲ್ಲ, “ನನಗ ಬಣ್ಣ ಕಾಣೂದಿಲ್ಲ, ನೀವೇ ನೋಡ್ಕೋರಿ, ನೇಯ್ಗಿ ನಾ ಹೇಳ್ತೇನಿ,” ಅನ್ನತೊಡಗಿದ್ದರು. ಕೆಲವರು ಅಯ್ಯೋ ಎಂದು ಕೂತರು. ಕೆಲವರು ಕೇಳಿದ ಕೂಡಲೇ ಎದುರಿನ ಅಂಗಡಿಗೆ ದಾಟಿದರು. ಎದುರಿನ ಅಂಗಡಿಯವರು ಒಂದು ದಿನ ಅಣ್ಣನಿಗೆ, “ಸಾಹುಕಾರ್ರ, ನಿಮ್ಮ ಅಂಗಡ್ಯಾಗ ಚಶ್ಮಾ ವ್ಯಾಪಾರ ಮಾಡತೈತೆಂತಲ್ರಿ, ಪಗಾರ ಎಷ್ಟ ಕೊಡ್ತೀರಿ?” ಎಂದು ಕೇಳಿದರು. ಅಣ್ಣ, “ಊಟಾ ಕೇಳೂದಿಲ್ಲ, ಚಾರ್ಜ್ ಕೇಳತೈತಿ,” ಅಂದ. ಅಂದ ಮೇಲೆ ಒಳಗೆ ಬಂದು ಅರ್ಧ ತಾಸು ಥಾನು ಸರಿಪಡಿಸಿದ.

ಸಂಕ್ರಾಂತಿಯ ಗದ್ದಲ ಮುಗಿದ ಮೇಲೆ ಪರೀಕ್ಷೆ ಶುರುವಾಯಿತು. ಬೆಳಿಗ್ಗೆ ಒಂಬತ್ತೂವರೆಗೆ, ಗಿರಾಕಿ ಬರುವ ಮುಂಚೆ. ಕಾಕಾ ವೈನಿಯ ಕೈ ಹಿಡಿದು ಎರಡು ಮೆಟ್ಟಿಲು ಇಳಿಸುತ್ತಾರೆ. ಅಣ್ಣ ಒಂದು ತುಂಡು ಕೊಡುತ್ತಾನೆ. ವೈನಿ ಹೆಸರು ಹೇಳುತ್ತಾರೆ. ನಾನು ಬರೆಯುತ್ತೇನೆ. ಆಮೇಲೆ ಒಳಗೆ ಬಂದು ಚಶ್ಮಾ ಹಾಕಿಕೊಳ್ಳುತ್ತಾರೆ. ಈಗ ಅದರ ಉತ್ತರ ಫೋನಿನ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವಂತೆ ಮಾಡಿದ್ದೇವೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಕಣ್ಣಿಗೆ ಇಂಜೆಕ್ಷನ್ ಆದ ವಾರ ಏನೂ ಇಲ್ಲ. ಮೋಡ ಇದ್ದ ದಿನ ಇಲ್ಲ.

ಮೊದಲ ಎಂಟು ಸಲೀಸಾಗಿ ಹೋದವು. ಒಂಬತ್ತನೆಯದು, ರಾಣಿ ಬಣ್ಣ, ಮೂರು ದಿನ ತಗೊಂಡಿತು, ತಪ್ಪಿದ್ದು ಚಶ್ಮಾ. ನಾನು ಎಲ್ಲ ಫೋಟೋ ಅಳಿಸಿ ಮತ್ತೆ ತೆಗೆದೆ. ಹದಿಮೂರನೆಯದಕ್ಕೆ ವೈನಿ ಗುಂಜಿ ಅಂದರು, ಚಶ್ಮಾ ದಾಳಿಂಬರ ಅಂದಿತು, ಅಣ್ಣ ಚೀಟಿ ನೋಡಿದ: ಗುಂಜಿ. “ನೋಡಿದ್ರ್ಯಾ?” ಅಂದರು ವೈನಿ. ಆ ದಿನ ಅವರು ಬಜಾರಿಗೆಲ್ಲ ಕೇಳುವಂತೆ ಮಾತಾಡಿದರು. ಬಾಟಲಿ ಹಸಿರು ಹದಿನಾರನೆಯದು. ಬಾಗಿಲಲ್ಲಿ ವೈನಿ ಅದನ್ನು ಬಹಳ ಹೊತ್ತು ಹಿಡಿದು ನಿಂತರು. ಹೇಳಿದರು. ಸರಿ ಇತ್ತು. ಒಳಗೆ ಚಶ್ಮಾ ಹೇಳಿದ್ದೂ ಸರಿ ಇತ್ತು. ಕಾಕಾ ಅದರ ಪಕ್ಕದ ಕರಿ ಥಾನನ್ನು ಎರಡು ಗೇಣು ದೂರ ಸರಿಸಿದರು.

ಫೆಬ್ರುವರಿಯಲ್ಲಿ ಡಾಕ್ಟರು ಎಡಗಣ್ಣಿನ ದೃಷ್ಟಿಯೂ ಇಳಿದಿದೆ ಎಂದು ಬರೆದುಕೊಟ್ಟರು. ಈ ಸಲ ಕಾಗದ ಓದಿ ಹೇಳಿದ್ದು ಅಣ್ಣನಿಗೆ. ವೈನಿ ಪರೀಕ್ಷೆಯನ್ನು ಬೇಗ ಬೇಗ ಮುಗಿಸೋಣ ಅಂದರು. ದಿನಕ್ಕೆ ನಾಲ್ಕು ಅಂದರು. ಎರಡು ದಿನ ಹಾಗೆ ಮಾಡಿದೆವು, ಎರಡೂ ದಿನ ಒಂದೂ ಪಾಸಾಗಲಿಲ್ಲ. ಕಣ್ಣು ದಣಿದರೆ ಎಲ್ಲವೂ ಬೂದಿ ಬಣ್ಣ ಅಂದರು. ಮತ್ತೆ ದಿನಕ್ಕೊಂದಕ್ಕೆ ಬಂದೆವು. ನಾನು ಬಸ್ಸಿನಲ್ಲಿ ಬರುವಾಗ ಮೋಡ ಇದೆಯೇ ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತೇನೆ. ಕಂಡಕ್ಟರು ಒಂದು ದಿನ, “ಯಜಮಾನ್ರ, ಒಳಗ ತಗೋರಿ ತಲಿ, ಬೇಕಾಗ್ತೈತಿ,” ಅಂದ.

2026ರ ಫೆಬ್ರುವರಿ 21, ಶನಿವಾರ. ಬಿಸಿಲು ಚೆನ್ನಾಗಿತ್ತು. ಹದಿನೆಂಟನೆಯ ಬಣ್ಣ. ವೈನಿ ತುಂಡನ್ನು ಎಡಗಣ್ಣಿನ ಹತ್ತಿರ ಹಿಡಿದರು. ದೂರ ಹಿಡಿದರು. ತಲೆ ವಾರೆ ಮಾಡಿ ಕಣ್ಣಂಚಿನಿಂದ ನೋಡಿದರು. ಬಿಸಿಲಿಗೆ ಬೆನ್ನು ಮಾಡಿ ನೋಡಿದರು. ಬೆರಳಿಂದ ಸವರಿ, “ಹತ್ತಿ ಹೊಕ್ಕು, ಗಟ್ಟಿ ನೇಯ್ಗಿ,” ಅಂದರು. ಬಣ್ಣ ಹೇಳಲಿಲ್ಲ. ನಾವು ಮೂವರೂ ಕಾದೆವು. ಎದುರಿನ ಅಂಗಡಿಯ ಶಟರ್ ಮೇಲೆ ಹೋಯಿತು. ಅವರೂ ನಿಂತು ನೋಡಿದರು.

“ಮಾವಿನಚಿಗುರು,” ಅಂದ ಅಣ್ಣ, ಮೆಲ್ಲಗೆ.

“ಮಾವಿನಚಿಗುರು,” ಅಂದರು ವೈನಿ.

ಒಳಗೆ ಬಂದೆವು. ಚಶ್ಮಾ ಮಾವಿನಚಿಗುರು ಅಂದಿತು. ಪಟ್ಟಿ ನನ್ನ ಕೈಯಲ್ಲಿತ್ತು, ನಾನು ಏನೂ ಬರೆಯಲಿಲ್ಲ. ಅಣ್ಣ ನನ್ನ ಕಿಸೆಯಿಂದ ಪೆನ್ನು ತಗೊಂಡು ಹದಿನೆಂಟರ ಮುಂದೆ ತಾನೇ ಸರಿ ಗುರುತು ಹಾಕಿದ. ಯುಗಾದಿಗೆ ಇಪ್ಪತ್ತಾರು ದಿನ ಇದೆ. ಇಪ್ಪತ್ತೈದು ಬಣ್ಣ ಉಳಿದಿವೆ.